ಅಜ್ಜಿಯ ನೋಟ್‌ಬುಕ್ಕಿನಲ್ಲಿ 17 ತಪ್ಪು

ಮಕ್ಕಳೇ, ಅಜ್ಜ ಅಜ್ಜಿಯರೇ,

ನೀವು ಕಳಿಸುವ ಇಂಗ್ಲಿಷ್ ವಾಕ್ಯಗಳು ಸರಿಯೋ ತಪ್ಪೋ ಎಂದು ನೋಡಿ ಹೇಳುವುದು ಈ ಪುಟದ ಕೆಲಸ. ಈ ವಾರ ನಿಮ್ಮ ಪತ್ರಗಳನ್ನು ಸ್ವಲ್ಪ ಪಕ್ಕಕ್ಕಿಟ್ಟಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮಗ್ಗೆಯಲ್ಲಿ, ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕಾಗಿದೆ. ಅದರಲ್ಲಿ ತಪ್ಪು ಮಾಡಿದವರು ಮೂರು ಜನ. ಯಾರ ತಪ್ಪು ಹೆಚ್ಚಿನದು ಎಂದು ಓದುತ್ತಾ ನೀವೇ ಲೆಕ್ಕ ಹಾಕಿ.

ಮೂರನೇ ಮನೆಯ ಅಕ್ಕನಿಗೆ ಎಪ್ಪತ್ತೆರಡು ವರ್ಷ. ನನಗಿಂತ ನಾಲ್ಕು ವರ್ಷ ದೊಡ್ಡವರು, ಹಾಗಾಗಿ ಅಕ್ಕ. ಎರಡೆಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಒಂದು ಹಸು, ಇಷ್ಟು ಅವರ ಸಂಸಾರ. ಮಗ ಸೊಸೆ ಬೆಂಗಳೂರಿನಲ್ಲಿದ್ದಾರೆ. ಈ ಬೇಸಿಗೆ ರಜೆಗೆ ಹತ್ತು ವರ್ಷದ ಮೊಮ್ಮಗನನ್ನು ಒಂದು ತಿಂಗಳು ಅಜ್ಜಿಯ ಹತ್ತಿರ ಬಿಟ್ಟುಹೋಗಿದ್ದರು. ಹುಡುಗ ಚುರುಕು. ಆದರೆ ಮನೆಯಲ್ಲೂ ಶಾಲೆಯಲ್ಲೂ ಇಂಗ್ಲಿಷೇ ಆಗಿ ಅವನಿಗೆ ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಅಕ್ಕ ಓದಿದ್ದು ಏಳನೇ ಕ್ಲಾಸಿನವರೆಗೆ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದು. ಅಂದರೆ ಅವರು ಇಂಗ್ಲಿಷ್ ಕಲಿತದ್ದು ಮೂರೇ ವರ್ಷ, ಅದೂ ಅರವತ್ತು ವರ್ಷದ ಹಿಂದೆ. ಆದರೂ ಮೊಮ್ಮಗ ಬರುತ್ತಾನೆ ಎಂದು ತಿಳಿದ ದಿನದಿಂದ ನೂರು ಪುಟದ ಒಂದು ನೋಟ್‌ಬುಕ್ ತಂದು, ತಮಗೆ ಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಒಲೆ ಮುಂದೆ ಕೂತು ಬಾಯಿಪಾಠವನ್ನೂ ಮಾಡಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು.

ಭರಣಿ ಮಳೆಯ ದಿನಗಳು. ಬೆಳಿಗ್ಗೆ ಸುಡು ಬಿಸಿಲು, ಮಧ್ಯಾಹ್ನ ಮೂರಾದರೆ ಗುಡುಗು. ಅಕ್ಕ ಕಣದಲ್ಲಿ ಮೆಣಸು ಹರಡಿ, ಹುಡುಗನನ್ನು ಕಾವಲಿಗೆ ಕೂರಿಸಿ, ಹಸುವಿಗೆ ಹುಲ್ಲು ಹಾಕಲು ಹೋಗಿದ್ದರು. ಒಂದು ಹೊತ್ತಿನಲ್ಲಿ ಕೊಟ್ಟಿಗೆಯಿಂದಲೇ ಕೂಗಿದರು: ‘ರೈನ್ ಈಸ್ ಕಮಿಂಗ್! ಪೆಪ್ಪರ್ ಇನ್‌ಸೈಡ್ ಪುಟ್!’

ಹುಡುಗ ಮೆಣಸಿಗೆ ಕೈ ಹಾಕಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ‘ಅಜ್ಜೀ, ರಾಂಗ್ ಇಂಗ್ಲಿಷ್! ರಾಂಗ್ ಇಂಗ್ಲಿಷ್!’ ಅವನು ನಕ್ಕು ಮುಗಿಸುವುದರೊಳಗೆ ಮಳೆ ಬಂತು. ಅಕ್ಕ ಓಡಿಬಂದು ಟಾರ್ಪಾಲು ಎಳೆದರೂ ಅರ್ಧ ಮೆಣಸು ನೆನೆದುಹೋಯಿತು. ಒಣಗುತ್ತಿರುವ ಮೆಣಸು ನೆನೆದರೆ ಬೂಷ್ಟು ಹಿಡಿಯುತ್ತದೆ, ಮತ್ತೆ ಒಣಗಿಸಿದರೂ ಮೊದಲಿನ ಬೆಲೆ ಸಿಗುವುದಿಲ್ಲ. ಮೆಣಸು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಜೆ ಅಕ್ಕ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು.

‘ಮೇಷ್ಟ್ರೇ, ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಗುರುತು ಹಾಕಿಕೊಡಿ. ಮಗು ನಗುತ್ತೆ.’

ಮೆಣಸಿನ ವಿಷಯ ಅವರು ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಪುಸ್ತಕ ತಿದ್ದಿದ ಕೈ ನೋಡಿ, ನೋಟ್‌ಬುಕ್ ಕಂಡ ಕೂಡಲೇ ಕೆಂಪು ಪೆನ್ನು ಹುಡುಕಿತು. ಒಟ್ಟು 41 ವಾಕ್ಯಗಳಿದ್ದವು. ಅರ್ಧ ಗಂಟೆಯಲ್ಲಿ ತಿದ್ದಿ, 17 ಕಡೆ ಅಡ್ಡಗೆರೆ ಎಳೆದು, ಕೊನೆಯಲ್ಲಿ ಮರೆಯದೆ ‘41ಕ್ಕೆ 24’ ಎಂದು ಬರೆದು, ವೃತ್ತ ಹಾಕಿ ಕೊಟ್ಟೆ.

ಅದರಲ್ಲಿದ್ದ ಕೆಲವನ್ನು ಈಗ ನೋಡೋಣ. ಇವು ಅಕ್ಕನ ವಾಕ್ಯಗಳಾದರೂ ನಿಮ್ಮ ಪತ್ರಗಳಲ್ಲೂ ಪ್ರತಿ ವಾರ ಬರುತ್ತವೆ, ಆದ್ದರಿಂದ ನಗಬೇಡಿ.

‘ಐ ಆಮ್ ಹ್ಯಾವಿಂಗ್ ಒನ್ ಗ್ರ್ಯಾಂಡ್‌ಸನ್.’ ಕನ್ನಡದಲ್ಲಿ ‘ನನಗೆ ಒಬ್ಬ ಮೊಮ್ಮಗ ಇದ್ದಾನೆ’ ಎನ್ನುತ್ತೇವೆ. ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಸರಿಜೋಡಿ ನಮ್ಮ ಆಡುಮಾತಿನಲ್ಲಿ ಇಲ್ಲವೇ ಇಲ್ಲ. ನಾವು ಎಲ್ಲವನ್ನೂ ‘ಇರು’ ಎಂಬುದರಲ್ಲೇ ಮುಗಿಸುತ್ತೇವೆ: ಮನೆ ಇದೆ, ಮೊಮ್ಮಗ ಇದ್ದಾನೆ, ಜ್ವರ ಇದೆ. ‘ಇದ್ದಾನೆ’ ಎಂದಾಗ ಅವನು ಈಗಲೂ ಇದ್ದಾನಲ್ಲ, ಹಾಗಾಗಿ ‘ಇಂಗ್’ ಸೇರಿಸಿಬಿಡುತ್ತೇವೆ. ಆದರೆ ಇಂಗ್ಲಿಷಿನಲ್ಲಿ ನಮಗೆ ಸೇರಿದ್ದನ್ನು, ನಮ್ಮವರನ್ನು ಹೇಳುವಾಗ ‘ಐ ಹ್ಯಾವ್’ ಅಷ್ಟೇ. ‘ಐ ಆಮ್ ಹ್ಯಾವಿಂಗ್’ ಎಂದರೆ ಊಟವೋ ತಿಂಡಿಯೋ ನಡೆಯುತ್ತಿದೆ ಎಂದಾಗುತ್ತದೆ. ‘ಐ ಆಮ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್’ ಸರಿ. ಮೊಮ್ಮಗನನ್ನು ಆ ಜಾಗದಲ್ಲಿ ಕೂರಿಸಿದರೆ ಅಜ್ಜಿ ರಾಕ್ಷಸಿಯಾಗುತ್ತಾಳೆ!

‘ಮೈ ಲೆಗ್ ಈಸ್ ಪೇನಿಂಗ್.’ ಕಾಲು ನೋಯ್ತಾ ಇದೆ. ‘ಪೇನ್’ ಎಂಬುದನ್ನು ಇಂಗ್ಲಿಷಿನವರು ಹೆಸರಾಗಿ ಬಳಸುವುದೇ ಹೆಚ್ಚು. ನೋಯುವ ಕೆಲಸಕ್ಕೆ ‘ಹರ್ಟ್’ ಇದೆ: ‘ಮೈ ಲೆಗ್ ಹರ್ಟ್ಸ್.’

‘ಟುಡೇ ಮಾರ್ನಿಂಗ್ ವಾಟ್ ಯು ಏಟ್?’ ಇಲ್ಲಿ ಎರಡು ಸಂಗತಿ. ಪ್ರಶ್ನೆ ಕೇಳುವಾಗ ‘ವಾಟ್ ಡಿಡ್ ಯು ಈಟ್’ ಎಂದಾಗಬೇಕು. ‘ಡಿಡ್’ ಬಂದ ಮೇಲೆ ‘ಏಟ್’ ಬೇಡ, ‘ಈಟ್’ ಸಾಕು. ಹಿಂದಿನ ಕಾಲ ಎಂದು ಒಮ್ಮೆ ಹೇಳಿಯಾಯಿತಲ್ಲ, ಎರಡು ಸಲ ಯಾಕೆ? ಇದು ಕಲಿಯಬಹುದಾದ ನಿಯಮ. ಆದರೆ ‘ಟುಡೇ ಮಾರ್ನಿಂಗ್’ ತಪ್ಪು, ‘ದಿಸ್ ಮಾರ್ನಿಂಗ್’ ಎನ್ನಬೇಕು ಎಂಬುದಿದೆಯಲ್ಲ, ಅದಕ್ಕೆ ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ. ‘ಟುಮಾರೋ ಮಾರ್ನಿಂಗ್’ ಸರಿ, ‘ಯೆಸ್ಟರ್ಡೇ ಮಾರ್ನಿಂಗ್’ ಸರಿ, ಇವತ್ತಿನದು ಮಾತ್ರ ಸರಿಯಲ್ಲ. ಅವರ ರೂಢಿ ಹಾಗೆ. ನಮ್ಮಲ್ಲೂ ನಿನ್ನೆ, ಮೊನ್ನೆ, ಆಚೆ ಮೊನ್ನೆ ಇವೆ, ಅದಕ್ಕೆ ಯಾರಾದರೂ ಕಾರಣ ಕೇಳಿದ್ದಾರೆಯೇ?

ಅಕ್ಕನಿಗೆ ಹೆಚ್ಚು ತಪ್ಪು ತಂದುಕೊಟ್ಟದ್ದು ನಮ್ಮ ‘ಹಾಕು’. ಈ ಒಂದು ಮಾತಿನಲ್ಲಿ ಕನ್ನಡದವರು ಎಷ್ಟು ಕೆಲಸ ಮಾಡಿಸುತ್ತಾರೆ ನೋಡಿ. ಬಾಗಿಲು ಹಾಕು, ಲೈಟ್ ಹಾಕು, ಅಂಗಿ ಹಾಕು, ಊಟಕ್ಕೆ ಹಾಕು, ಸೈನ್ ಹಾಕು, ರಜೆ ಹಾಕು, ಗೊಬ್ಬರ ಹಾಕು, ಲೆಕ್ಕ ಹಾಕು. ಅಕ್ಕನ ನೋಟ್‌ಬುಕ್ಕಿನಲ್ಲಿ ಇವೆಲ್ಲಕ್ಕೂ ‘ಪುಟ್’ ಬಂದಿತ್ತು: ‘ಪುಟ್ ದ ಡೋರ್’, ‘ಪುಟ್ ದ ಲೈಟ್’, ‘ಪುಟ್ ಶರ್ಟ್’. ಇಂಗ್ಲಿಷಿನಲ್ಲಿ ಬಾಗಿಲನ್ನು ‘ಕ್ಲೋಸ್’ ಮಾಡಬೇಕು, ಲೈಟನ್ನು ‘ಸ್ವಿಚ್ ಆನ್’ ಮಾಡಬೇಕು, ರಜೆಯನ್ನು ‘ಟೇಕ್’ ಮಾಡಬೇಕು. ಅಂಗಿಗೆ ‘ಪುಟ್ ಆನ್’, ಪಕ್ಕದ ‘ಆನ್’ ಬಿಟ್ಟರೆ ಅದೂ ಹೋಯಿತು. ಆಫೀಸಿನಲ್ಲಿ ‘ಪುಟ್ ಲೀವ್’, ‘ಪುಟ್ ಸೈನ್’ ಎನ್ನುವ ದೊಡ್ಡವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಇಂಗ್ಲಿಷಿನೊಳಗೆ ಇದೇ ‘ಹಾಕು’ ಕೂತಿದೆ.

‘ಪೆಪ್ಪರ್ ಇನ್‌ಸೈಡ್ ಪುಟ್’ ಎಂಬುದೂ ಹಾಗೆಯೇ. ‘ಮೆಣಸು ಒಳಗೆ ಹಾಕು.’ ಕನ್ನಡದಲ್ಲಿ ಕೆಲಸ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮೊದಲೇ ಬರಬೇಕು: ‘ಬ್ರಿಂಗ್ ದ ಪೆಪ್ಪರ್ ಇನ್.’

ಇನ್ನು ‘ರೈನ್ ಈಸ್ ಕಮಿಂಗ್.’ ಇದಕ್ಕೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಇಟ್ ಈಸ್ ರೈನಿಂಗ್’ ಎಂದು ಬರೆದಿದ್ದೆ. ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಟ್ಟ ತಿದ್ದುಪಡಿ ಅದು. ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ನಾಲ್ಕು ದಿನ ಕಳೆದ ಮೇಲೆ ಹಾಲು ತರಲು ಅಕ್ಕನ ಮನೆಗೆ ಹೋದೆ. ಜಗಲಿಯ ಆ ತುದಿಯಲ್ಲಿ ಹುಡುಗ ಮೊಬೈಲ್ ಹಿಡಿದು ಕೂತಿದ್ದ. ಈ ತುದಿಯಲ್ಲಿ ಅಕ್ಕ ಬೀನ್ಸ್ ಬಿಡಿಸುತ್ತಿದ್ದರು. ಮಧ್ಯೆ ಮಾತಿಲ್ಲ. ಊಟಕ್ಕೆ ಕರೆಯಲು ಅಕ್ಕ ತಟ್ಟೆಯನ್ನು ಸದ್ದು ಮಾಡಿ ಇಟ್ಟರು. ಹುಡುಗ ಎದ್ದು ಹೋದ.

‘ಏನಕ್ಕ, ಮೌನವ್ರತವಾ?’ ಎಂದೆ.

‘ಬಿಡಿ ಮೇಷ್ಟ್ರೇ. ನನ್ನ ಇಂಗ್ಲಿಷಿನಲ್ಲಿ 17 ತಪ್ಪು. ಅವನಿಗೆ ಕನ್ನಡ ಬರಲ್ಲ. ಇನ್ನು ಹತ್ತು ದಿನ ತಾನೇ, ಹೀಗೇ ಕಳೆಯುತ್ತೆ.’

ಹಾಲಿನ ಚೊಂಬು ಹಿಡಿದುಕೊಂಡು ಹಾಗೇ ನಿಂತೆ. ಅವರು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮಗೆಲ್ಲ ಒಂದೇ ರಜಾ ಪತ್ರ ಬರುತ್ತಿತ್ತು: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.’ ವ್ಯಾಕರಣದಲ್ಲಿ ಅದು ಪೂರ್ತಿ ಸರಿಯಾದ ವಾಕ್ಯ. ಹಬ್ಬಕ್ಕೆ ಹೋದರೂ ಜ್ವರ, ಗದ್ದೆ ನಾಟಿಗೆ ಹೋದರೂ ಜ್ವರ. ಒಮ್ಮೆ ನಮ್ಮ ಅಜ್ಜಿ ತೀರಿಕೊಂಡಾಗ ನಾನು ಬಾಯಿಪಾಠ ಬಿಟ್ಟು ನನ್ನದೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಆಗಿನ ಮೇಷ್ಟ್ರು ಅದನ್ನು ತರಗತಿಯ ಮುಂದೆ ಓದಿ, ಮೂರು ತಪ್ಪು ತೋರಿಸಿ, ಎಲ್ಲರನ್ನೂ ನಗಿಸಿದರು. ಮುಂದಿನ ಸಲದಿಂದ ನಾನು ಮತ್ತೆ ಜ್ವರಕ್ಕೇ ಅಂಟಿಕೊಂಡೆ. ಆ ದಿನ ಎಷ್ಟು ನೊಂದಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆದರೂ ನೋಡಿ, ಪೆನ್ನು ಕೈಗೆ ಬಂದಾಗ ಅದು ನೆನಪಾಗಲಿಲ್ಲ.

ಅಲ್ಲೇ ಜಗಲಿಯಲ್ಲಿ ಕೂತು ‘ನೋಟ್‌ಬುಕ್ ಕೊಡಿ ಅಕ್ಕ’ ಎಂದೆ. ಅವರು ಕೊಡಲು ಮನಸ್ಸು ಮಾಡಲಿಲ್ಲ. ಕೊನೆಗೆ ಅಕ್ಕಿ ಡಬ್ಬದ ಹಿಂದಿನಿಂದ ತಂದರು. ಮೊದಲ ಬಾರಿಗೆ, ತಿದ್ದುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ.

‘ಈ ರೈನ್ ಈಸ್ ಕಮಿಂಗ್ ಅನ್ನೋದನ್ನ ನೀವು ಯಾವಾಗ ಹೇಳಿದ್ದು?’

‘ಮೊನ್ನೆ ಮೆಣಸು ಹರಡಿದ್ದಾಗ.’

‘ಆಗ ಮಳೆ ಸುರೀತಾ ಇತ್ತಾ?’

‘ಸುರೀತಾ ಇದ್ದರೆ ಕೂಗಿ ಏನು ಪ್ರಯೋಜನ ಮೇಷ್ಟ್ರೇ? ಸಕಲೇಶಪುರದ ಕಡೆ ಗುಡ್ಡದ ಮೇಲೆ ಕಪ್ಪಾಗಿತ್ತು. ಗಾಳಿ ತಣ್ಣಗೆ ಬೀಸ್ತು. ಇನ್ನು ಐದು ನಿಮಿಷಕ್ಕೆ ಬರುತ್ತೆ ಅಂತ ಗೊತ್ತಾಗಿ ಕೂಗಿದೆ.’

ಮಕ್ಕಳೇ, ಇಲ್ಲಿ ನಿಲ್ಲಿ. ಮಳೆ ಸುರಿಯುತ್ತಿರುವಾಗ ‘ರೈನ್ ಈಸ್ ಕಮಿಂಗ್’ ಎಂದರೆ ಅದು ಕನ್ನಡದ ‘ಮಳೆ ಬರ್ತಾ ಇದೆ’ಯ ನಕಲು, ಅಲ್ಲಿ ‘ಇಟ್ ಈಸ್ ರೈನಿಂಗ್’ ಎನ್ನಬೇಕು. ಆದರೆ ದೂರದಲ್ಲಿ ಮೋಡ ಕಟ್ಟಿ, ಮಳೆ ನಮ್ಮ ಕಡೆ ಹೊರಟಿದೆ ಎಂದು ಹೇಳುವುದಕ್ಕೆ ‘ರೈನ್ ಈಸ್ ಕಮಿಂಗ್’ ಎನ್ನುವುದು ಒಳ್ಳೆಯ, ಸರಿಯಾದ ಇಂಗ್ಲಿಷ್. ಹುಟ್ಟು ಇಂಗ್ಲಿಷರೂ ಹಾಗೇ ಹೇಳುತ್ತಾರೆ. ಅಕ್ಕ ಕೂಗಿದ ಆ ಗಳಿಗೆಯಲ್ಲಿ ನನ್ನ ‘ಇಟ್ ಈಸ್ ರೈನಿಂಗ್’ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲವಲ್ಲ!

ಅಂದರೆ ಹುಡುಗ ನಕ್ಕದ್ದು ಸರಿಯಾದ ವಾಕ್ಯಕ್ಕೆ. ನಾನು ಅಡ್ಡಗೆರೆ ಎಳೆದದ್ದೂ ಸರಿಯಾದ ವಾಕ್ಯಕ್ಕೆ. ಕಾಗದದ ಮೇಲೆ ಒಂದು ಸಾಲನ್ನು ಒಂಟಿಯಾಗಿ ನೋಡಿ, ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳದೆ, ಇಷ್ಟು ವರ್ಷ ಎಷ್ಟು ಮಕ್ಕಳ ‘ರೈನ್ ಈಸ್ ಕಮಿಂಗ್’ಗೆ ನಾನು ಅಂಕ ಕಳೆದಿದ್ದೇನೋ! ಮನೆಗೆ ಹೋಗಿ ಕೆಂಪು ಪೆನ್ನು ತಂದು, ನನ್ನ ಅಡ್ಡಗೆರೆಯ ಮೇಲೆ ಇನ್ನೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಮೇಷ್ಟ್ರ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಅಕ್ಕ ಆ ಸಹಿಯನ್ನು ತುಂಬಾ ಹೊತ್ತು ನೋಡಿದರು. ಹುಡುಗನೂ ಬಂದು ನೋಡಿದ.

‘ಸೋ ಅಜ್ಜಿ ವಾಸ್ ರೈಟ್?’

‘ರೈಟ್’ ಎಂದೆ.

ಅವನ ಮುಖ ಸಣ್ಣದಾಯಿತು. ಕಣದ ಮೂಲೆಯಲ್ಲಿ ಬೇರೆಯಾಗಿ ತೆಗೆದಿಟ್ಟಿದ್ದ ನೆನೆದ ಮೆಣಸಿನ ಕಡೆ ನೋಡಿದ. ನಾನೇನೂ ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹುಡುಗ ಒಂದು ಪ್ರಶ್ನೆ ಕೇಳಿದ, ಒಳ್ಳೆಯ ಪ್ರಶ್ನೆ: ‘ಇಟ್ ಈಸ್ ರೈನಿಂಗ್’ನಲ್ಲಿ ಈ ‘ಇಟ್’ ಯಾರು? ಯಾರೂ ಅಲ್ಲ. ಇಂಗ್ಲಿಷಿನ ಸಾಮಾನ್ಯ ವಾಕ್ಯಕ್ಕೆ ಕೆಲಸ ಮಾಡುವ ಒಬ್ಬ ಯಜಮಾನ ಬೇಕೇ ಬೇಕು. ಮಳೆಗೆ ಯಜಮಾನ ಸಿಗದಿದ್ದಾಗ ‘ಇಟ್’ ಎಂಬ ಬೆದರುಬೊಂಬೆಯನ್ನು ಆ ಜಾಗದಲ್ಲಿ ನಿಲ್ಲಿಸುತ್ತಾರೆ. ಫ್ರೆಂಚರೂ ಹಾಗೇ ಒಂದು ಬೊಂಬೆ ಇಡುತ್ತಾರೆ. ನಮಗೆ ಅದು ಬೇಡ. ಮಳೆಯೇ ನಡೆದು ಬರುತ್ತದೆ. ಘಟ್ಟದ ಕೆಳಗೆ ತುಳುವಿನಲ್ಲೂ ‘ಬರ್ಸ ಬರ್ಪುಂಡು’, ಮಳೆ ಬರುತ್ತದೆ. ಹಿಂದಿಯಲ್ಲಿ ಮಳೆ ‘ಆಗುತ್ತದೆ’. ಒಂದೇ ನೀರು, ಒಂದೊಂದು ಭಾಷೆಯಲ್ಲಿ ಒಂದೊಂದು ರೀತಿ ಬೀಳುತ್ತದೆ.

ಅಕ್ಕನ ತವರು ಇದೇ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ. ಆಣೆ ಇಡುವುದಾದರೆ ಕೆಂಚಮ್ಮನ ಮೇಲೇ ಇಡುವವರು. ಅವರ ಮನಸ್ಸು ಇನ್ನೂ ಆ 17ರಲ್ಲೇ ಇದ್ದದ್ದು ಕಂಡು, ರಾಜಾರಾವ್ ಎಂಬುವರ ವಿಷಯ ಹೇಳಿದೆ. 1908ರಲ್ಲಿ ನಮ್ಮ ಹಾಸನದಲ್ಲೇ ಹುಟ್ಟಿದವರು. 1938ರಲ್ಲಿ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿ ಪ್ರಕಟಿಸಿದರು. ಗಾಂಧೀಜಿಯವರ ಚಳವಳಿ ಘಟ್ಟದ ಮೇಲಿನ ಒಂದು ಹಳ್ಳಿಗೆ ಬಂದಾಗ ಏನಾಯಿತು ಎಂಬ ಕತೆ. ಊರು ಕಲ್ಪನೆಯದು, ಆದರೆ ಊರ ಪಕ್ಕದ ಹೊಳೆ ಹೇಮಾವತಿ, ಊರ ದೇವತೆ ಕೆಂಚಮ್ಮ, ಹತ್ತಿರದಲ್ಲೇ ಕಾಫಿ ತೋಟ. ಕತೆ ಹೇಳುವವಳು ಊರಿನ ಒಬ್ಬ ಮುದುಕಿ. ಜಗಲಿಯಲ್ಲಿ ಕೂತು ಅಜ್ಜಿ ಕತೆ ಹೇಳುವಾಗ ‘ಆಮೇಲೆ, ಆಮೇಲೆ’ ಎಂದು ಉಸಿರು ಬಿಡದೆ ಹೋಗುತ್ತಾಳಲ್ಲ, ಇಂಗ್ಲಿಷಿನಲ್ಲಿ ‘ಅಂಡ್, ಅಂಡ್’ ಎಂದು ಸಾಲುಗಳು ಹಾಗೇ ಉದ್ದ ಹೋಗುತ್ತವೆ. ಜನರ ಹೆಸರುಗಳೂ ನಮ್ಮ ಊರಿನವೇ: ಮೂಲೆಮನೆ ಮೂರ್ತಿ ಅಲ್ಲಿ ‘ಕಾರ್ನರ್ ಹೌಸ್ ಮೂರ್ತಿ’ ಆಗಿದ್ದಾನೆ, ‘ವಾಟರ್‌ಫಾಲ್ ವೆಂಕಮ್ಮ’ ಎಂಬುವಳೂ ಇದ್ದಾಳೆ.

‘ಇಂಗ್ಲಿಷಿನಲ್ಲಿ ಕೆಂಚಮ್ಮನ ಹೆಸರು ಹಾಕಿ ಬರೆದ್ರಾ?’ ಎಂದರು ಅಕ್ಕ.

‘ಬರೆದರು. ಬೇರೆ ದೇಶದವರೂ ಓದುತ್ತಾರೆ.’

‘ಅವರಿಗೆ ಯಾರೂ ಕೆಂಪು ಪೆನ್ನಿನಲ್ಲಿ ಗೆರೆ ಎಳೀಲಿಲ್ವಾ?’

ಈ ಪ್ರಶ್ನೆಗೆ ನನ್ನ ಉತ್ತರ ನಿಮಗೂ ಸೇರಿಸಿ ಹೇಳುತ್ತೇನೆ. ರಾಜಾರಾವ್ ಅವರಿಗೆ ನಿಯಮ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಕನ್ನಡದ ನಡಿಗೆಯನ್ನು ಬೇಕೆಂದೇ ಒಳಗೆ ತಂದರು. ನೀವು ಅವರ ಹೆಸರು ಹೇಳಿಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ‘ಪುಟ್ ದ ಡೋರ್’ ಎಂದು ಬರೆದರೆ ಅಂಕ ಹೋಗುತ್ತದೆ, ಹೋಗಬೇಕು ಕೂಡ. ಪರೀಕ್ಷೆ, ಅರ್ಜಿ, ಕೆಲಸದ ಪತ್ರ, ಇವುಗಳಲ್ಲಿ ನಿಯಮ ಬಿಡಬೇಡಿ. ಅಕ್ಕ ಬರೆಯುತ್ತಿದ್ದದ್ದು ಪರೀಕ್ಷೆಯಲ್ಲ. ಅದಕ್ಕೆ 41ಕ್ಕೆ 24 ಎಂದು ಅಂಕ ಹಾಕಲು ನನಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿದ್ದು ಗುರುತು ಮಾತ್ರ.

ಅಂದು ಒಂದು ಆಟ ಶುರುವಾಯಿತು. ನೋಟ್‌ಬುಕ್ಕಿನ ಎಡಗಡೆ ಅಕ್ಕನ ಇಂಗ್ಲಿಷ್ ಇತ್ತು. ಪ್ರತಿ ತಪ್ಪು ವಾಕ್ಯದ ಹಿಂದೆ ಯಾವ ಕನ್ನಡ ವಾಕ್ಯ ಅಡಗಿದೆ ಎಂದು ಹುಡುಗ ಕಂಡುಹಿಡಿದು ಬಲಗಡೆ ಬರೆಯಬೇಕು. ತಿಳಿಯದಿದ್ದರೆ ಅಜ್ಜಿಯನ್ನು ಕೇಳಬೇಕು, ನನ್ನನ್ನಲ್ಲ. ಅವನಿಗೆ ಕನ್ನಡ ಅಕ್ಷರ ಬರುತ್ತಿದ್ದದ್ದು ಅಷ್ಟಕ್ಕಷ್ಟೇ, ‘ಳ’ ಮತ್ತು ‘ಲ’ ಒಂದೇ. ಆದರೂ ಎರಡು ದಿನದಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಅಜ್ಜಿಯ ತಪ್ಪು ಇಂಗ್ಲಿಷನ್ನು ಪದಕ್ಕೆ ಪದ ಕನ್ನಡ ಮಾಡಿದರೆ ಸರಿಯಾದ ಕನ್ನಡ ಬರುತ್ತದೆ! ‘ಮೈ ಲೆಗ್ ಈಸ್ ಪೇನಿಂಗ್’ನಿಂದ ‘ನನ್ನ ಕಾಲು ನೋಯ್ತಾ ಇದೆ’ ಹೇಳಲು ಕಲಿತ.

ಆಮೇಲೆ ತನ್ನದೇ ವಾಕ್ಯ ಕಟ್ಟಲು ಹೊರಟ. ಈಗ ಅಕ್ಕನ ಸರದಿ. ‘ಅಜ್ಜಿ, ನಾನು ಹಸಿವು ಇದ್ದೇನೆ’ ಎಂದ, ‘ಐ ಆಮ್ ಹಂಗ್ರಿ’ ಅವನ ತಲೆಯಲ್ಲಿತ್ತು. ‘ಹಸು ಬಂದಳು’ ಎಂದ. ಮರುದಿನ ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಮಳೆ ಸುರಿಯಲು ಶುರುವಾಯಿತು. ಹುಡುಗ ಅಂಗಳದಿಂದ ಓಡಿಬಂದು, ‘ಅಜ್ಜಿ, ಅದು ಮಳೆ ಮಾಡ್ತಾ ಇದೆ!’ ಎಂದ.

‘ಯಾವುದು ಕಂದ, ನಮ್ಮ ಹಸುವಾ?’ ಎಂದರು ಅಕ್ಕ.

ಇಬ್ಬರೂ ಎಷ್ಟು ನಕ್ಕರೆಂದರೆ ಒಲೆಯ ಮೇಲಿದ್ದ ಹಾಲು ಉಕ್ಕಿತು. ಇಂಗ್ಲಿಷಿನ ಆ ಬೆದರುಬೊಂಬೆ ಕನ್ನಡದೊಳಗೂ ಬಂದು ನಿಂತಿತ್ತು ನೋಡಿ.

ಇನ್ನೊಂದು ಸಂಗತಿ ನನಗೆ ಖುಷಿ ಕೊಟ್ಟಿತು. ಅಕ್ಕ ದಿನನಿತ್ಯ ಆಡುವ ಕೆಲವು ಇಂಗ್ಲಿಷ್ ಪದಗಳು ಹುಡುಗನಿಗೆ ಗೊತ್ತಿರಲಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ ‘ಬ್ಲಾಸಮ್’, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆಗೆ ‘ಬ್ಯಾಕಿಂಗ್’, ಹಣ್ಣಿನ ಸಿಪ್ಪೆ ತೆಗೆಯುವ ‘ಪಲ್ಪರ್’, ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ‘ಪಾರ್ಚ್‌ಮೆಂಟ್’, ಹಣ್ಣನ್ನು ಹಾಗೇ ಒಣಗಿಸಿದ್ದು ‘ಚೆರಿ’. ‘ಬ್ಯಾಕಿಂಗ್ ಶವರ್’ ಎಂದರೆ ಹುಡುಗ ಮೊದಲು ನಂಬಲಿಲ್ಲ, ಅಜ್ಜಿ ಕಟ್ಟಿದ ಮಾತೆಂದುಕೊಂಡ. ಕಾಫಿ ಬೆಳೆಗಾರರ ಇಂಗ್ಲಿಷಿನಲ್ಲಿ ಅದು ಸರಿಯಾದ ಪದ ಎಂದು ನಾನು ಸಾಕ್ಷಿ ಹೇಳಬೇಕಾಯಿತು. ‘ಕಸಿನ್ ಬ್ರದರ್’ ಬಗ್ಗೆಯೂ ಜಗಳವಾಯಿತು. ಇಂಗ್ಲೆಂಡಿನವರಿಗೆ ‘ಕಸಿನ್’ ಸಾಕು, ‘ಬ್ರದರ್’ ಬೇಡ. ಆದರೆ ದೊಡ್ಡಪ್ಪನ ಮಗ ಅಣ್ಣ, ಸೋದರಮಾವನ ಮಗ ಭಾವ, ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಿದರೆ ಅಕ್ಕ ಹೇಗೆ ಒಪ್ಪುತ್ತಾರೆ? ಆ ವಾಕ್ಯದ ಮುಂದೆ ಗುರುತು ಹಾಕದೆ ಖಾಲಿ ಬಿಟ್ಟಿದ್ದೇವೆ.

ನೋಟ್‌ಬುಕ್ಕಿನ 41ನೇ ವಾಕ್ಯ ‘ಐ ವಿಲ್ ಗೋ ಅಂಡ್ ಕಮ್’. ಹೋಗಿ ಬರ್ತೀನಿ. ಅದಕ್ಕೂ ಮೊದಲ ದಿನ ನಾನು ಗೆರೆ ಎಳೆದಿದ್ದೆ. ಹೊರಡುವಾಗ ಇಂಗ್ಲಿಷರು ಹಾಗೆ ಹೇಳುವುದಿಲ್ಲ, ‘ಬೈ’ ಎನ್ನುತ್ತಾರೆ, ‘ಸೀ ಯು’ ಎನ್ನುತ್ತಾರೆ. ನಮ್ಮಲ್ಲಿ ಬರೀ ‘ಹೋಗ್ತೀನಿ’ ಎಂದರೆ ಹಿರಿಯರು ‘ಬರ್ತೀನಿ ಅನ್ನಪ್ಪ’ ಎಂದು ತಿದ್ದುತ್ತಾರೆ. ಹುಡುಗ ಇದಕ್ಕೂ ಬಲಗಡೆ ಕನ್ನಡ ಬರೆದಿದ್ದ.

ಕಳೆದ ಭಾನುವಾರ ಅವನ ಅಪ್ಪ ಬಂದು ಕರೆದುಕೊಂಡು ಹೊರಟರು. ಹಾಸನದ ಬಸ್ಸಿಗೆ ಕಳಿಸಲು ನಾನೂ ಹೋಗಿದ್ದೆ. ಹುಡುಗ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, ಬಸ್ಸಿನವರಿಗೆಲ್ಲ ಕೇಳುವಂತೆ, ‘ಅಜ್ಜೀ, ಐ ವಿಲ್ ಗೋ ಅಂಡ್ ಕಮ್!’ ಎಂದ.

ಅಕ್ಕ ನನ್ನ ಮುಖ ನೋಡಿದರು, ಸರಿಯಾ ಎನ್ನುವ ಹಾಗೆ. ನಾನು ಬಸ್ಸಿನ ಬೋರ್ಡು ಓದುತ್ತಿದ್ದೆ.

ಈ ವಾರದ ಕೆಲಸ: ಕೆಳಗಿನ ಮೂರು ವಾಕ್ಯಗಳನ್ನು ನೋಡಿ. ಮೂರೂ ಒಂದು ಸಂದರ್ಭದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಯಾರು, ಯಾವಾಗ ಹೇಳಿದರೆ ಸರಿ, ಯಾವಾಗ ತಪ್ಪು ಎಂದು ಬರೆದು ಕಳಿಸಿ.

‘ಐ ಆಮ್ ಕಮಿಂಗ್ ಫ್ರಮ್ ಆಲೂರು.’

‘ಅಜ್ಜಿ ಈಸ್ ಹ್ಯಾವಿಂಗ್ ಕಾಫಿ.’

‘ವೇರ್ ಯು ಆರ್ ಗೋಯಿಂಗ್.’ ಇದರ ಹಿಂದೆ ‘ಐ ನೋ’ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಅಂದ ಹಾಗೆ, ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎನ್ನುವ ಅಜ್ಜಿಯರು ಈ ವಾಕ್ಯವನ್ನು ಬಿಟ್ಟು ಉಳಿದೆರಡಕ್ಕೆ ಉತ್ತರ ಕಳಿಸಬಹುದು.